ಹಾನ್ಲೆಯಲ್ಲಿ ನಿದ್ದೆಹೋದ ಪವರ್ ಬ್ಯಾಂಕ್

ಲಡಾಖ್‌ನ ಹಾನ್ಲೆಗೂ ನಮ್ಮ ಹೊಸಕೋಟೆಗೂ ನಂಟಿದೆ. ಅಲ್ಲಿ 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಖಗೋಳ ವಿಜ್ಞಾನಿಗಳು ಹೊಸಕೋಟೆಯಲ್ಲಿ ಕೂತೇ, ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಚಳಿಯಲ್ಲಿ ನಡುಗುವ ಕಷ್ಟ ಅವರಿಗಿಲ್ಲ. ಅಲ್ಲಿ ರಾತ್ರಿಯ ಆಕಾಶದ ಚಿತ್ರ ತೆಗೆಯಲು ಹೋಗಿದ್ದ ನನಗಿತ್ತು. ರಾತ್ರಿ ಹತ್ತಕ್ಕೆ ಟ್ರೈಪಾಡ್ ನಿಲ್ಲಿಸಿ, ಎರಡು ನಿಮಿಷಕ್ಕೊಂದು ಚಿತ್ರ ತೆಗೆಯುವಂತೆ ಕ್ಯಾಮೆರಾ ಹೊಂದಿಸಿ, ಪವರ್ ಬ್ಯಾಂಕಿನ ವೈರು ಸಿಕ್ಕಿಸಿ ಒಳಗೆ ಹೋಗಿ ರಜಾಯಿ ಹೊದ್ದೆ. ಬೆಳಗ್ಗೆ ನೋಡಿದರೆ ತೊಂಬತ್ತೇ ಚಿತ್ರ. ರಾತ್ರಿ ಒಂದು ಗಂಟೆಗೆ ಕ್ಯಾಮೆರಾ ಸತ್ತಿತ್ತು. ಪವರ್ ಬ್ಯಾಂಕಿನ ಗುಂಡಿ ಒತ್ತಿದೆ. ನಾಲ್ಕಕ್ಕೆ ನಾಲ್ಕೂ ದೀಪ ಹತ್ತಿದವು!

ಅಂದರೆ ಅದು ಏನನ್ನೂ ಕೊಟ್ಟೇ ಇರಲಿಲ್ಲ. ಆ ತೊಂಬತ್ತು ಚಿತ್ರಗಳೂ ಕ್ಯಾಮೆರಾದೊಳಗಿನ ಬ್ಯಾಟರಿಯ ಪುಣ್ಯ.

ಪವರ್ ಬ್ಯಾಂಕ್ ಹುಟ್ಟಿದ್ದು ಫೋನಿಗಾಗಿ. ಹೊರಹೋಗುವ ಕರೆಂಟಿನ ಮೇಲೆ ಅದರ ಕಣ್ಣು ಸದಾ ಇರುತ್ತದೆ. ಹರಿವು ಕೆಲವು ಹತ್ತು ಮಿಲಿ ಆಂಪಿಯರಿಗಿಂತ ಕೆಳಗಿಳಿದು ಸ್ವಲ್ಪ ಹೊತ್ತು ಹಾಗೇ ಇದ್ದರೆ, ‘ಫೋನಿನ ಹೊಟ್ಟೆ ತುಂಬಿತು’ ಎಂದುಕೊಂಡು ಬಾಗಿಲು ಹಾಕುತ್ತದೆ. ಹಾಕದಿದ್ದರೆ ಒಳಗಿನ 3.7 ವೋಲ್ಟನ್ನು 5ಕ್ಕೆ ಏರಿಸುವ ಸರ್ಕ್ಯೂಟೇ ಸುಮ್ಮನೆ ಚಾರ್ಜ್ ತಿನ್ನುತ್ತಿರುತ್ತದೆ. ಫೋನಿಗೆ ಇದು ಸರಿ. ಆದರೆ ಬ್ಯಾಟರಿ ತುಂಬಿರುವ ಕ್ಯಾಮೆರಾ ಎರಡು ಚಿತ್ರಗಳ ನಡುವೆ ತೂಕಡಿಸುತ್ತದೆ, ಕರೆಂಟು ಕೇಳುವುದೇ ಇಲ್ಲ. ಮುಂದೆ ಎದ್ದು ಕೇಳಿದಾಗ ಎಷ್ಟೋ ಪವರ್ ಬ್ಯಾಂಕುಗಳು ತಾವಾಗಿ ಏಳುವುದಿಲ್ಲ. ಯಾರಾದರೂ ಗುಂಡಿ ಒತ್ತಬೇಕು. ಸ್ಮಾರ್ಟ್‌ವಾಚಿನಂಥ ಸಣ್ಣ ಸಾಧನಗಳಿಗೆಂದು ಕೆಲವದರಲ್ಲಿ ‘ಕಡಿಮೆ ಕರೆಂಟಿನ’ ವ್ಯವಸ್ಥೆ ಇರುತ್ತದೆ ನಿಜ, ಅದೂ ಕೆಲವು ಮಾದರಿಗಳಲ್ಲಿ ಎರಡು ಗಂಟೆಗೇ ಮುಗಿಯುತ್ತದೆ.

ಮರುದಿನ ನಾನು ಹಿಡಿದ ಉಪಾಯ ಲೆನ್ಸಿನ ಪಟ್ಟಿ. ಮಂಜು ಕೂರದಂತೆ ಲೆನ್ಸಿಗೆ ಸುತ್ತುವ, ಯುಎಸ್‌ಬಿಯಿಂದ ಬೆಚ್ಚಗಾಗುವ ಬಟ್ಟೆಯ ಪಟ್ಟಿ ಅದು. ಎರಡನೇ ಕಿಂಡಿಗೆ ಅದನ್ನು ಸಿಕ್ಕಿಸಿದರೆ ಇಡೀ ರಾತ್ರಿ 5 ವ್ಯಾಟ್ ಎಳೆಯುತ್ತಲೇ ಇರುತ್ತದೆ. ಪವರ್ ಬ್ಯಾಂಕಿಗೆ ನಿದ್ದೆ ಮಾಡಲು ಬಿಡುವುದಿಲ್ಲ.

ಬಿಟ್ಟಿಯಾಗಿ ಅಲ್ಲ. 5 ವ್ಯಾಟ್, ಎಂಟು ಗಂಟೆ: 40 ವ್ಯಾಟ್‌ಅವರ್. ನನ್ನ ಪವರ್ ಬ್ಯಾಂಕಿನ ಡಬ್ಬದ ಮೇಲಿನ 10,000 ಎಂಎಎಚ್ (ಮಿಲಿ ಆಂಪಿಯರ್ ಅವರ್) ಎಂಬ ದಪ್ಪಕ್ಷರ ಇಲ್ಲಿ ಬಣ್ಣ ಬಿಡುತ್ತದೆ. ಆ ಅಂಕಿ ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ, ಅಂದರೆ 10 ಆಂಪಿಯರ್ ಅವರನ್ನು 3.7ರಿಂದ ಗುಣಿಸಿದರೆ 37 ವ್ಯಾಟ್‌ಅವರ್. ಅಂಗಡಿಯವರ ಲೆಕ್ಕದಲ್ಲಿ ನನ್ನ ಕ್ಯಾಮೆರಾದ 1,020 ಎಂಎಎಚ್ ಬ್ಯಾಟರಿಯನ್ನು ಅದು ಹತ್ತು ಸಲ ತುಂಬಬೇಕು. ಆದರೆ ಕ್ಯಾಮೆರಾ ಬ್ಯಾಟರಿಯಲ್ಲಿ ಎರಡು ಸೆಲ್ ಒಂದರ ಹಿಂದೊಂದು ಸೇರಿ 7.2 ವೋಲ್ಟ್ ಇರುತ್ತದೆ. ಅದರ ಹೊಟ್ಟೆ 7.3 ವ್ಯಾಟ್‌ಅವರ್. 37ನ್ನು 7.3ರಿಂದ ಭಾಗಿಸಿ, ವೋಲ್ಟ್ ಏರಿಸುವಾಗ ಶಾಖವಾಗಿ ಸೋರುವುದನ್ನು ಕಳೆದರೆ ನಾಲ್ಕು ಸಲ ತುಂಬಿದರೆ ಹೆಚ್ಚು. ಲೆನ್ಸಿನ ಪಟ್ಟಿಯೂ ಸೇರಿದರೆ ಬೆಳಗಾಗುವವರೆಗೆ ಬಾಳುವುದಿಲ್ಲ. ಹಾಗಾಗಿ ಜೊತೆಯಲ್ಲಿದ್ದ ಗೆಳೆಯನ 20,000 ಎಂಎಎಚ್‌ನದ್ದನ್ನು ಕೇಳಿ ತಂದೆ. ಅದು 74 ವ್ಯಾಟ್‌ಅವರ್. ವಿಮಾನದ ಕೈಚೀಲದಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ 100ರ ಮಿತಿಯೊಳಗೇ ಇದೆ. (ಹೊಸ ಕ್ಯಾಮೆರಾಗಳಲ್ಲಿ ಕೆಲವಕ್ಕೆ ಬರೀ 5 ವೋಲ್ಟ್ ಸಾಲದು, ಹೆಚ್ಚು ವೋಲ್ಟ್ ಕೊಡಬಲ್ಲ ‘ಪವರ್ ಡೆಲಿವರಿ’ ವ್ಯವಸ್ಥೆ ಇರುವ ಟೈಪ್-ಸಿಯೇ ಬೇಕು. ಕೊಳ್ಳುವ ಮುಂಚೆ ಕೈಪಿಡಿ ನೋಡಿಕೊಳ್ಳಿ.)

ಉಳಿದದ್ದು ಚಳಿ. ಲಿಥಿಯಂ ಸೆಲ್ ತಣ್ಣಗಾದಂತೆ ಅದರೊಳಗೆ ಅಯಾನುಗಳ ಓಡಾಟ ನಿಧಾನವಾಗುತ್ತದೆ, ಒಳಗಿನ ತಡೆ ಏರುತ್ತದೆ, ಕರೆಂಟು ಎಳೆದೊಡನೆ ವೋಲ್ಟ್ ಕುಸಿಯುತ್ತದೆ. ಚಾರ್ಜ್ ಉಳಿದಿದ್ದರೂ ಯಂತ್ರಕ್ಕೆ ಖಾಲಿಯಾದಂತೆ ಕಾಣುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವುದಂತೂ ಇನ್ನೂ ಕೆಟ್ಟದ್ದು. ಲಿಥಿಯಂ ಎಲೆಕ್ಟ್ರೋಡಿನ ಒಳಗೆ ಸೇರದೆ ಲೋಹವಾಗಿ ಅದರ ಮೇಲೆಯೇ ಕೂರುತ್ತದೆ, ಆ ಹಾನಿ ಮತ್ತೆ ಸರಿಹೋಗದು. ಕ್ಯಾಮೆರಾವನ್ನು ಬೆಚ್ಚಗಿಡಲಾಗದು, ಪವರ್ ಬ್ಯಾಂಕನ್ನು ಇಡಬಹುದು. ಅದಕ್ಕೆ ಉಣ್ಣೆಯ ಕಾಲುಚೀಲ ತೊಡಿಸಿ ಚೀಲದೊಳಗೆ ಹಾಕಿ, ಟ್ರೈಪಾಡಿನ ಕಾಲ ನಡುವೆ ಇಟ್ಟೆ. ವೋಲ್ಟ್ ಏರಿಸುವಾಗ ಸೋರುವ ಶಾಖವೇ ಅದಕ್ಕೆ ಹೊದಿಕೆ.

ಬೆಳಗ್ಗೆ ಆರಕ್ಕೆ ಕಾಲುಚೀಲದೊಳಗೆ ಕೈ ಹಾಕಿದೆ. ಇನ್ನೂ ಉಗುರುಬೆಚ್ಚಗಿತ್ತು, ಒಂದು ದೀಪ ಉಳಿದಿತ್ತು. ಕ್ಯಾಮೆರಾ ಇನ್ನೂರ ನಲವತ್ತನೆಯ ಚಿತ್ರ ತೆಗೆಯುತ್ತಿತ್ತು.