ಒಂದು ಇಂಟರ್ನೆಟ್, ಎರಡು ರೂಟರ್: ಮನೆ ನೆಟ್‌ವರ್ಕ್ ಟಿಪ್ಪಣಿ

ಕೋಲಾರದ ಕಡೆ ಹಳೇ ಮನೆಗಳೆಂದರೆ ಕಲ್ಲಿನ ಗೋಡೆ, ಮೇಲೆ ಕಲ್ಲು ಚಪ್ಪಡಿ. ಬೇಸಿಗೆಗೆ ತಂಪು, ವೈಫೈಗೆ ಮಾತ್ರ ಕಷ್ಟ. ಹಜಾರದಲ್ಲಿ ಫೈಬರ್ ಡಬ್ಬಿ (ಮುಖ್ಯ ರೂಟರು) ಇದ್ದರೆ ಹಿಂದಿನ ಕೋಣೆಗೆ ಸಿಗ್ನಲ್ ಮುಟ್ಟುವುದೇ ಇಲ್ಲ. ವೈಫೈನ ಎರಡು ತರಂಗಗಳಲ್ಲಿ 5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್ ಸ್ವಲ್ಪ ದೂರ ಹೋಗುತ್ತದೆ, ಅಲ್ಲಿ ಪಕ್ಕದ ಮನೆಗಳವರ ಗದ್ದಲವೂ ಇರುತ್ತದೆ. ಕೇಬಲ್ ಎಳೆದು, ಕಪಾಟಿನಲ್ಲಿ ಸುಮ್ನೆ ಬಿದ್ದಿರುವ ಹಳೇ ರೂಟರನ್ನು ಹಿಂದಿನ ಕೋಣೆಯಲ್ಲಿ ಇಡುವುದೇ ಒಳ್ಳೆಯದು.

ಮೊದಲು ಒಂದೇ ಇಂಟರ್ನೆಟ್‌ನ ಹಂಚಿಕೆ ಹೇಗೆ ನಡೆಯುತ್ತದೆ ಅಂತ ನೋಡೋಣ. ಇಂಟರ್ನೆಟ್‌ನಲ್ಲಿ ನಂಬರಿನ ವಿಳಾಸ ಕೊಡುವ ಹಳೇ ಪದ್ಧತಿಯಾದ ಐಪಿವಿ4ನಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಪ್ರತಿ ಫೋನಿಗೂ ಒಂದೊಂದು ಕೊಡಲು ಸಾಲದು. ಅದಕ್ಕೇ ಮನೆಯೊಳಗೆ 192.168 ಎಂದು ಶುರುವಾಗುವ ಖಾಸಗಿ ವಿಳಾಸಗಳು. ಇವು ನಮ್ಮ ಮನೆಯಲ್ಲೂ ಇರುತ್ತವೆ, ಪಕ್ಕದ ಮನೆಯಲ್ಲೂ ಇರುತ್ತವೆ. ಹೊರಗೆ ಹೋಗುವಾಗ ರೂಟರು ಅವನ್ನೆಲ್ಲ ತನ್ನ ಒಂದೇ ವಿಳಾಸಕ್ಕೆ ಬದಲಿಸುತ್ತದೆ. ಯಾವ ಉತ್ತರ ಯಾರಿಗೆ ಅಂತ ಲೆಕ್ಕ ಇಟ್ಟುಕೊಳ್ಳುತ್ತದೆ. ಇದು ನ್ಯಾಟ್. ಮನೆಯೊಳಗೆ ವಿಳಾಸ ಹಂಚುವ ಕೆಲಸ ಡಿಎಚ್‌ಸಿಪಿಯದು.

ಈಗ ತೊಡಕಿನ ಜಾಗ. ಹಳೇ ರೂಟರೂ ವಿಳಾಸ ಹಂಚುತ್ತದೆ, ಅಲ್ವಾ? ಮುಖ್ಯ ರೂಟರಿನ ಕೇಬಲ್ಲನ್ನು ಹಾಗೇ ಅದರ ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನಗಳಿಗೆ ಇರುವ ಕಿಂಡಿ) ಸಿಕ್ಕಿಸಿದರೆ ಒಂದೇ ಊರಿಗೆ ಇಬ್ಬರು ಶಾನುಭೋಗರು ಇದ್ದಂತೆ: ಒಂದೇ ನಂಬರು ಇಬ್ಬರಿಗೆ ಬರೆದುಕೊಟ್ಟರೂ ಆಶ್ಚರ್ಯವಿಲ್ಲ. ನೆಟ್ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಬರುವ ಕಿಂಡಿ) ಹಾಕಿದರೆ ಬ್ರೌಸಿಂಗ್ ಸಾಮಾನ್ಯವಾಗಿ ನಡೆಯುತ್ತದೆ, ಆದರೆ ನ್ಯಾಟ್ ಎರಡು ಸಲ ಆಗುತ್ತದೆ. ಹಿಂದಿನ ಕೋಣೆಯ ಪ್ರಿಂಟರ್ ಹಜಾರದ ಲ್ಯಾಪ್‌ಟಾಪಿಗೆ ಕಾಣುವುದಿಲ್ಲ. ಎರಡೂ ರೂಟರುಗಳ ಒಳ ವಿಳಾಸ 192.168.1.1 ಆಗಿದ್ದರಂತೂ ಗೊಂದಲ ಇನ್ನೂ ಹೆಚ್ಚು.

ಹಳೇ ರೂಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ಆಯ್ಕೆ) ಇದ್ದರೆ ಅದನ್ನು ಒತ್ತಿ, ಕೆಲಸ ಮುಗಿಯಿತು. ಇಲ್ಲದಿದ್ದರೆ ಅದನ್ನು ಬೇರೆಯಾಗಿಯೇ ಕಂಪ್ಯೂಟರಿಗೆ ಜೋಡಿಸಿ. ಮೊದಲು ಅದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ. ಮುಖ್ಯ ರೂಟರು 192.168.1.1 ಅಂತ ಇಲ್ಲಿ ಅಂದುಕೊಂಡಿದ್ದೇನೆ. ಮುಖ್ಯ ರೂಟರು ಹಂಚುವ ವಿಳಾಸಗಳ ಸಾಲು 192.168.1.100ರಿಂದ ಶುರುವಾಗುವಂತೆ ಇಟ್ಟರೆ 192.168.1.2 ಬೇರೆ ಯಾರಿಗೂ ಹೋಗುವುದಿಲ್ಲ. ಆಮೇಲೆ ಹಳೇ ರೂಟರಿಗೆ ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ ನಿಲ್ಲಿಸಿ. ಈ ಕ್ರಮ ಉಲ್ಟಾ ಮಾಡಬೇಡಿ. ಡಿಎಚ್‌ಸಿಪಿ ಮೊದಲೇ ನಿಂತರೆ ಕಂಪ್ಯೂಟರಿಗೆ ಸರಿಯಾದ ವಿಳಾಸ ಸಿಗದೆ ಲಾಗಿನ್ ಪುಟವೇ ತೆರೆಯದಿರಬಹುದು. ಕೊನೆಗೆ ಕೇಬಲ್ಲನ್ನು ಲ್ಯಾನಿನಿಂದ ಲ್ಯಾನಿಗೆ ಹಾಕಿ. ವ್ಯಾನ್ ಖಾಲಿ ಇರಲಿ.

ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ. 2.4 ಗಿಗಾಹರ್ಟ್ಸ್‌ನ ಚಾನೆಲ್ ಮಾತ್ರ ಬೇರೆ: 1, 6, 11ರಲ್ಲಿ ಒಂದೊಂದು. ಕೇಬಲ್ ಕ್ಯಾಟ್ 5ಇ ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ (1000 ಎಂಬಿಪಿಎಸ್) ಕೊಡುತ್ತದೆ. ಅದಕ್ಕೆ ಎಂಟೂ ಎಳೆ ಸರಿಯಾಗಿ ಕೂತಿರಬೇಕು. ವೇಗ 100 ಎಂಬಿಪಿಎಸ್‌ಗೇ ನಿಂತರೆ ಮೊದಲು ತುದಿಯ ಕ್ರಿಂಪಿಂಗ್ (ಪ್ಲಗ್ಗಿಗೆ ಎಳೆಗಳನ್ನು ಒತ್ತಿ ಕೂರಿಸಿರುವುದು) ನೋಡಿ. ಕರೆಂಟ್ ಹೋದಾಗಲೂ ನೆಟ್ ಬೇಕಾದರೆ ಎರಡು ಡಬ್ಬಿಗೂ ಬ್ಯಾಕಪ್ ಬೇಕು.

ಸರಿಯಾಗಿದೆಯಾ ಅಂತ ತಿಳಿಯಲು ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಜೋಡಿಸಿ ಗೇಟ್‌ವೇ (ಹೊರಗೆ ಹೋಗುವ ದಾರಿಯಾದ ರೂಟರಿನ ವಿಳಾಸ) ನೋಡಿ. 192.168.1.1 ಇರಬೇಕು. 192.168.1.2 ಇದ್ದರೆ ಹಳೇ ರೂಟರು ಇನ್ನೂ ವಿಳಾಸ ಹಂಚುತ್ತಿದೆ. ಲ್ಯಾಪ್‌ಟಾಪಿನ ವಿಳಾಸವೇ 169.254ರಿಂದ ಶುರುವಾಗಿದ್ದರೆ ಯಾರೂ ಹಂಚಿಲ್ಲ ಅಂತ ಅರ್ಥ, ಆಗ ಕೇಬಲ್ ನೋಡಿ.