ಸೆರಗು ಕಚ್ಚಿ ಅಳುವ ಮುಖ

ಈ ಸೆಮಿಸ್ಟರ್‌ನಲ್ಲಿ ನಮಗೆ ಕೊಟ್ಟ ಅಸೈನ್‌ಮೆಂಟ್ ಇಷ್ಟೇ. ಭಾವ ಉಕ್ಕುವ ಒಂದು ಮುಖದ ಚಿತ್ರ ಆರಿಸಿಕೊಳ್ಳಬೇಕು. ಅದನ್ನು ವಿನ್ಯಾಸದ ತತ್ವಗಳ (ಒತ್ತು, ಲಯ, ಸಮತೋಲನ, ಏಕತೆ ಇಂಥವು) ಮೂಲಕ ಬಿಡಿಸಿ ನೋಡಬೇಕು. ಆಮೇಲೆ ಅದೇ ತತ್ವಗಳನ್ನು ಇಟ್ಟುಕೊಂಡು ನಮ್ಮದೇ ಒಂದು ಚಿತ್ರ ಮಾಡಬೇಕು. ನಾನು ಎರಡು ಸಲ ಕೆಡಿಸಿ, ಮೂರನೇ ಸಲ ಒಂದು ಹದಕ್ಕೆ ತಂದೆ. ಹಾಸನದಲ್ಲಿ ಕೂತು ಇದೇ ಕೆಲಸ ಮಾಡುತ್ತಿರುವವರಿಗೆ ನನ್ನ ನೋಟ್ಸ್ ಉಪಯೋಗಕ್ಕೆ ಬಂದರೆ ಬರಲಿ ಅಂತ ಬರೆಯುತ್ತಿದ್ದೇನೆ. ಕೆಡಿಸಿದ್ದನ್ನೂ ಸೇರಿಸಿಯೇ ಬರೆದಿದ್ದೇನೆ, ನಾನು ಕಲಿತಿದ್ದು ಹೆಚ್ಚಾಗಿ ಅಲ್ಲೇ.

ನಾನು ತೆಗೆದುಕೊಂಡಿದ್ದು ಸ್ಪೇನಿನ ಚಿತ್ರಕಾರ ಪಿಕಾಸೊ ಬರೆದ ‘ಅಳುವ ಹೆಂಗಸು’. 1937ರ ಅಕ್ಟೋಬರ್‌ನಲ್ಲಿ ಮಾಡಿದ್ದು, ಕ್ಯಾನ್ವಾಸ್ ಮೇಲೆ ತೈಲವರ್ಣ. ಈಗ ಲಂಡನ್ನಿನ ಟೇಟ್ ಎಂಬ ಕಲಾ ಸಂಗ್ರಹಾಲಯದಲ್ಲಿದೆ. ಎತ್ತರ 60.8 ಸೆಂಟಿಮೀಟರ್, ಅಗಲ 50 ಸೆಂಟಿಮೀಟರ್. ಈ ಅಳತೆಯನ್ನು ಸುಮ್ನೆ ಬರೆದುಕೊಂಡು ಮುಂದೆ ಹೋಗಬೇಡಿ. ನಾವೆಲ್ಲ ಈ ಚಿತ್ರ ನೋಡಿರುವುದು ಫೋನಿನಲ್ಲಿ, ಬೆಂಕಿಪೊಟ್ಟಣದ ಗಾತ್ರದಲ್ಲಿ. ನಾನು ಹಳೇ ಪೇಪರ್ ಎರಡು ಹಾಳೆ ಅಂಟಿಸಿ, ಅದೇ ಅಳತೆಗೆ ಕತ್ತರಿಸಿ ರೂಮಿನ ಗೋಡೆಗೆ ಹಚ್ಚಿದೆ. ಅದರ ಮೇಲೆ ಪೆನ್ಸಿಲಿನಲ್ಲಿ ಮುಖದ ಆಕಾರ ಗೀಚಿದಾಗ ಗೊತ್ತಾಯಿತು, ಆ ಮುಖ ನಮ್ಮ ಮುಖಕ್ಕಿಂತ ದೊಡ್ಡದು. ಪಕ್ಕದ ಸೀಟಿನಲ್ಲಿ ಕೂತವರು ಸೀದಾ ನಮ್ಮ ಕಡೆ ಬಾಗಿ ಅತ್ತರೆ ಹೇಗಿರುತ್ತೋ ಹಾಗೆ.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. ಸ್ಪೇನಿನಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. 1937ರ ಏಪ್ರಿಲ್ 26ರಂದು, ಸರ್ಕಾರದ ವಿರುದ್ಧ ದಂಗೆ ಎದ್ದ ಸೇನಾಧಿಕಾರಿ ಫ್ರಾಂಕೊ ಪರವಾಗಿ ಬಂದ ಜರ್ಮನಿ ಮತ್ತು ಇಟಲಿಯ ವಿಮಾನಗಳು ಗೆರ್ನಿಕಾ ಎಂಬ ಊರಿನ ಮೇಲೆ ಬಾಂಬ್ ಹಾಕಿದವು. ಪ್ಯಾರಿಸ್‌ನಲ್ಲಿದ್ದ ಪಿಕಾಸೊ ಆ ಊರಿನ ಹೆಸರಲ್ಲೇ ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲದ ಕಪ್ಪು-ಬಿಳುಪು-ಬೂದು ಚಿತ್ರ ಬರೆದ. ಅದರ ಎಡಗಡೆ ಸತ್ತ ಮಗುವನ್ನು ಹಿಡಿದು ಬಾಯಿಬಿಟ್ಟು ಅಳುವ ತಾಯಿ ಇದ್ದಾಳೆ. ದೊಡ್ಡ ಚಿತ್ರ ಮುಗಿದ ಮೇಲೂ ಅಳುವ ಮುಖ ಅವನನ್ನು ಬಿಡಲಿಲ್ಲ. ತಿಂಗಳುಗಟ್ಟಲೆ ಅದನ್ನೇ ಮತ್ತೆ ಮತ್ತೆ ಬರೆದ. ಟೇಟ್‌ನ ಚಿತ್ರ ಆ ಸಾಲಿನ ಕೊನೆಯ ಹೊತ್ತಿನದು. ಮುಖ ಡೋರಾ ಮಾರ್ ಅವರದು. ಆಕೆ ಸ್ವತಃ ಫೋಟೋಗ್ರಾಫರ್, ‘ಗೆರ್ನಿಕಾ’ ಹಂತಹಂತವಾಗಿ ಬೆಳೆದಿದ್ದನ್ನು ಫೋಟೋ ತೆಗೆದವರು ಅವರೇ. ಇಷ್ಟು ಸಾಕು. ಪರೀಕ್ಷೆಯಲ್ಲಿ ಇತಿಹಾಸ ಎರಡು ಪುಟ ತುಂಬಿಸಿ, ಚಿತ್ರದ ಬಗ್ಗೆ ನಾಲ್ಕು ಸಾಲು ಗೀಚುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ನಾನೂ ಮಾಡಿದ್ದೇನೆ.

ಕಣ್ಣು ಕಿರಿದು ಮಾಡಿ ನೋಡಿ

ಮೊದಲ ಕೆಲಸ ಇದೇ. ರೆಪ್ಪೆ ಅರ್ಧ ಮುಚ್ಚಿ ನೋಡಿ, ವಿವರಗಳೆಲ್ಲ ಕಲಸಿಹೋಗುತ್ತವೆ. ಉಳಿಯುವುದು ಏನು? ನಡುವೆ ಒಂದು ನೀಲಿ ಮಿಶ್ರಿತ ಬಿಳಿ ತೇಪೆ. ಅವಳ ಬಾಯಿ, ಹಲ್ಲು, ಕಚ್ಚಿಕೊಂಡ ಕರ್ಚೀಫು, ಅದನ್ನು ಒತ್ತಿ ಹಿಡಿದ ಬೆರಳು ಎಲ್ಲ ಸೇರಿದ ಜಾಗ ಅದು.

ಈಗ ಕಣ್ಣು ಪೂರ್ತಿ ತೆರೆದು ಸುತ್ತ ನೋಡಿ. ಕೆಂಪು ಟೋಪಿ, ಅದರ ಮೇಲೆ ನೀಲಿ ಹೂವು. ಹಳದಿ-ಹಸಿರು ಕೆನ್ನೆ. ನೇರಳೆ ಮಿಂಚುವ ಕಪ್ಪು ಕೂದಲು. ಹಿಂದೆ ಹಳದಿ-ಕಿತ್ತಳೆ ಗೋಡೆ. ಜಾತ್ರೆಯ ಬಣ್ಣಗಳು. ಅಷ್ಟು ಬಣ್ಣ ಕೈಯಲ್ಲಿಟ್ಟುಕೊಂಡು, ನೋವು ಅತಿ ಹೆಚ್ಚಿರುವ ಜಾಗದಲ್ಲೇ ಅವನು ಬಣ್ಣವನ್ನು ಹಿಂಡಿ ತೆಗೆದಿದ್ದಾನೆ.

ಒತ್ತು ಕೊಡುವುದು ಅಂದರೆ ನಮಗೆ ಗೊತ್ತಿರುವ ದಾರಿ ಒಂದೇ: ಸೇರಿಸುವುದು. ಫ್ಲೆಕ್ಸ್ ಬ್ಯಾನರ್ ನೋಡಿ, ಮುಖ್ಯ ಅನ್ನಿಸಿದ್ದಕ್ಕೆ ಕೆಂಪು, ಅದರ ಸುತ್ತ ಹಳದಿ, ಅದಕ್ಕೊಂದು ನೆರಳು, ಅದಕ್ಕೂ ಹಿಂದೆ ನಕ್ಷತ್ರ. ಇಲ್ಲಿ ಉಲ್ಟಾ. ಸಂತೆಯಲ್ಲಿ ಎಲ್ಲರೂ ಕೂಗುವಾಗ ಒಬ್ಬಳು ಸುಮ್ಮನೆ ನಿಂತರೆ ಎಲ್ಲರ ಕಣ್ಣು ಅವಳ ಮೇಲೇ ಹೋಗುತ್ತೆ, ಅಲ್ವಾ? ನನ್ನ ಟಿಪ್ಪಣಿಯಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ಇಟ್ಟುಕೊಳ್ಳಿ. ಈ ಚಿತ್ರದಲ್ಲಿ ಅತಿ ಜೋರಾದ ಜಾಗ ಬಣ್ಣ ಬತ್ತಿದ ಜಾಗ.

ಎರಡನೇ ಕೆಲಸ, ಟ್ರೇಸಿಂಗ್ ಪೇಪರ್. ಪ್ರಿಂಟ್ ಮೇಲೆ ಪೇಪರ್ ಇಟ್ಟು ಬಾಗಿದ ಗೆರೆಗಳನ್ನೆಲ್ಲ ನೀಲಿ ಪೆನ್ನಲ್ಲಿ ಎಳೆದೆ, ಚೂಪು ಮೂಲೆಗಳನ್ನೆಲ್ಲ ಕೆಂಪಲ್ಲಿ. ಹತ್ತು ನಿಮಿಷದ ಕೆಲಸ. ಟೋಪಿ, ಕೂದಲು, ಕಿವಿ ಬಹುಪಾಲು ನೀಲಿ. ಕೆಂಪು ಬಂದು ಗುಡ್ಡೆ ಬಿದ್ದಿದ್ದು ಬಾಯಿಯ ಸುತ್ತ. ಕರ್ಚೀಫು ಬಟ್ಟೆಯ ಹಾಗಿಲ್ಲ, ಒಡೆದ ಗಾಜಿನ ಹಾಗಿದೆ. ಎಲ್ಲಿ ಬೆರಳು ಮುಗಿದು ಬಟ್ಟೆ ಶುರುವಾಯಿತು, ಎಲ್ಲಿ ಬಟ್ಟೆ ಮುಗಿದು ಹಲ್ಲು ಶುರುವಾಯಿತು ಅಂತ ಪೆನ್ನು ಹಿಡಿದು ಹುಡುಕಿದರೂ ಸಿಗುವುದಿಲ್ಲ. ಜೋರಾಗಿ ಅಳುವಾಗ ನಮಗೂ ನಮ್ಮ ಕೈ ಎಲ್ಲಿದೆ ಅಂತ ಗೊತ್ತಿರುವುದಿಲ್ಲ.

ಬಣ್ಣದ ಬಗ್ಗೆ ಪುಸ್ತಕದ ಉತ್ತರ ಎಲ್ಲರಿಗೂ ಗೊತ್ತು. ಬಣ್ಣದ ಚಕ್ರದಲ್ಲಿ ಹಳದಿಗೆ ಎದುರು ನೇರಳೆ, ಕೆಂಪಿಗೆ ಎದುರು ಹಸಿರು, ಪಕ್ಕಪಕ್ಕ ಇಟ್ಟರೆ ಎರಡೂ ಕಿರುಚುತ್ತವೆ. ಸರಿ. ಆದರೆ ನನ್ನನ್ನು ಹಿಡಿದಿದ್ದು ಟೋಪಿ. ಹೂವು ಸಿಕ್ಕಿಸಿದ, ಎಲ್ಲೂ ಒಡೆಯದ, ನೆಟ್ಟಗೆ ಕೂತ ಟೋಪಿ. ಎಲ್ಲಿಗೋ ಹೊರಡಲು ಸಿಂಗರಿಸಿಕೊಂಡವಳು. ಮದುವೆಗೆ ರೇಷ್ಮೆ ಸೀರೆ ಉಟ್ಟು ಹೊರಟವರಿಗೆ ಬಾಗಿಲಲ್ಲೇ ಸಾವಿನ ಸುದ್ದಿ ಬಂದ ಹಾಗೆ. ಇದು ನನ್ನ ಓದು, ಕ್ಲಾಸಿನಲ್ಲಿ ಒಪ್ಪದವರೂ ಇದ್ದರು. ನಾನಂತೂ ಬಿಟ್ಟುಕೊಡುವುದಿಲ್ಲ.

ಲಯಕ್ಕಾಗಿ ಹಳೇಬೀಡು

ಲಯ ಅನ್ನುವುದು ನನಗೆ ತುಂಬಾ ದಿನ ತಲೆಗೆ ಹೋಗಿರಲಿಲ್ಲ. ಒಂದೇ ಆಕಾರ ಮತ್ತೆ ಮತ್ತೆ ಬಂದರೆ ಲಯ ಅಂತ ಬರೆದು ಮಾರ್ಕ್ಸ್ ತೆಗೆದುಕೊಳ್ಳುತ್ತಿದ್ದೆ. ಒಂದು ಭಾನುವಾರ ಸ್ಕೆಚ್ ಬುಕ್ ಹಿಡಿದು ಹಳೇಬೀಡಿನ ಬಸ್ ಹತ್ತಿದೆ. ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲು ಆನೆಗಳದು. ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಕುದುರೆ ಸವಾರರು, ಹೀಗೆ. ಒಂದು ಗಂಟೆ ಕೂತು ಬರೀ ಆನೆ ಬರೆದೆ. ಎರಡು ವಿಷಯ ಗೊತ್ತಾಯಿತು. ಭಾರದ ಪ್ರಾಣಿ ಕೆಳಗಿರುವುದರಿಂದ ಇಡೀ ಗೋಡೆ ನೆಲಕ್ಕೆ ಕೂತ ಹಾಗೆ ಕಾಣುತ್ತೆ. ಮತ್ತೆ, ದೂರಕ್ಕೆ ಒಂದೇ ಥರ ಕಾಣುವ ಆನೆಗಳು ಹತ್ತಿರದಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಸೊಂಡಿಲು ಬೇರೆ, ಕಾಲಿನ ಹೆಜ್ಜೆ ಬೇರೆ. ಕಣ್ಣು ಓಡುತ್ತಾ ಹೋಗುತ್ತೆ, ಆದರೆ ಬೇಸರವಾಗುವುದಿಲ್ಲ. ಒಂದು ಕಡೆ ಕಲ್ಲು ಮುಕ್ಕಾಗಿ ಆನೆಯ ಮುಖವೇ ಹೋಗಿತ್ತು. ಓಡುತ್ತಿದ್ದ ಕಣ್ಣು ಅಲ್ಲಿ ತಟ್ಟನೆ ನಿಂತಿತು.

ವಾಪಸ್ ಬಂದು ಪಿಕಾಸೊ ಚಿತ್ರ ನೋಡಿದರೆ, ಅರೆ! ಕೂದಲಿನ ಎಳೆಗಳು, ಕೋಟಿನ ಪಟ್ಟಿಗಳು, ಗೋಡೆಯ ಉದ್ದ ಗೆರೆಗಳು, ಎಲ್ಲ ಸಾಲುಸಾಲು. ಕಣ್ಣು ಆರಾಮಾಗಿ ಓಡುತ್ತೆ. ಕರ್ಚೀಫಿಗೆ ಬಂದ ಕೂಡಲೇ ಎಡವುತ್ತೆ. ಮುಕ್ಕಾದ ಆನೆ ಹತ್ತಿರ ಆದ ಹಾಗೇ.

ಉಳಿದಿದ್ದು ಬೇಗ ಹೇಳಿಬಿಡುತ್ತೇನೆ. ಸಮತೋಲನ: ಒಂದು ಕಡೆ ಕೂದಲಿನ ಕಪ್ಪು ಭಾರ, ಅದಕ್ಕೆ ಎದುರಾಗಿ ಕರ್ಚೀಫಿನ ಬೆಳಕು. ಏಕತೆ: ದಪ್ಪ ಕಪ್ಪು ಗೆರೆ, ಚರ್ಚ್ ಕಿಟಕಿಯ ಬಣ್ಣದ ಗಾಜುಗಳನ್ನು ಸೀಸದ ಪಟ್ಟಿ ಹಿಡಿದಿಡುವ ಹಾಗೆ ಎಲ್ಲ ಚೂರುಗಳನ್ನೂ ಹಿಡಿದಿದೆ.

ನನ್ನ ಚಿತ್ರ, ಮೂರು ಸಲ

ಮೊದಲನೆಯದು ಪೂರ್ತಿ ನಕಲು. ನಮ್ಮ ದೊಡ್ಡಮ್ಮನ ಫೋಟೋ ಇಟ್ಟುಕೊಂಡು ಮುಖವನ್ನೆಲ್ಲ ತ್ರಿಕೋನ ಮಾಡಿ ಕತ್ತರಿಸಿದೆ. ‘ಇದೇನು, ಬಿದ್ದು ಒಡೆದ ಕನ್ನಡಿನಾ?’ ಅಂದ ಗೆಳೆಯ. ಸಿಟ್ಟು ಬಂತು, ಆದರೆ ಅವನು ಹೇಳಿದ್ದು ಸರಿ. ಎಲ್ಲ ಕಡೆ ಚೂಪು ಇದ್ದರೆ ಎಲ್ಲೂ ಚೂಪು ಇಲ್ಲದ ಹಾಗೆ. ನಾನು ಪಿಕಾಸೊನ ಶೈಲಿ ತೆಗೆದುಕೊಂಡಿದ್ದೆ, ಅವನ ತೀರ್ಮಾನ ತೆಗೆದುಕೊಂಡಿರಲಿಲ್ಲ.

ಎರಡನೆಯದರಲ್ಲಿ ಮುಖ ಮೆತ್ತಗೆ ಬಿಟ್ಟೆ, ಕೈಗೆ ಬಿಳಿ ಕರ್ಚೀಫು ಕೊಟ್ಟೆ. ನೋಡಿದರೆ ಏನೋ ಸುಳ್ಳು. ಎರಡು ದಿನ ಆದಮೇಲೆ ಹೊಳೆಯಿತು. ನಮ್ಮ ಕಡೆ ಯಾವ ದೊಡ್ಡಮ್ಮ ಕರ್ಚೀಫು ಹಿಡಿದು ಅಳುತ್ತಾರೆ?

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ಆಲೂಗೆಡ್ಡೆಗೆ ಅಂಗಮಾರಿ ಬಿತ್ತು. ಮೋಡ ಮುಚ್ಚಿಕೊಂಡು ಜಡಿಮಳೆ ಬಿಡದೆ ಹಿಡಿದರೆ ಈ ರೋಗಕ್ಕೆ ಹಬ್ಬ. ಎಲೆಯ ಅಂಚಲ್ಲಿ ಕಪ್ಪು ಚುಕ್ಕೆ ಕಾಣಿಸಿಕೊಂಡು, ನೋಡನೋಡುತ್ತಾ ಇಡೀ ಹೊಲ ಬೆಂದ ಸೊಪ್ಪಿನ ಹಾಗೆ ಮಲಗಿಬಿಡುತ್ತೆ. ಒಂಥರಾ ಕೊಳೆತ ವಾಸನೆ. ಬಿತ್ತನೆ ಗೆಡ್ಡೆಗೆ ಮಾಡಿದ ಸಾಲ ಹಾಗೇ ಇತ್ತು. ದೊಡ್ಡಮ್ಮ ಬದುವಿನ ಮೇಲೆ ಕೂತು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು. ಪಕ್ಕದ ಹೊಲದವರಿಗೆ ಕೇಳಬಾರದು ಅಂತ. ಸದ್ದೇ ಇರಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ಉಗುರಲ್ಲಿ ಮಣ್ಣು. ಸೀರೆಯ ಅಂಚು ಹಲ್ಲಿನ ನಡುವೆ ಸಿಕ್ಕಿ, ಎಂಜಲಿಗೆ ಒದ್ದೆಯಾಗಿ ಬಣ್ಣ ಗಾಢವಾಗಿತ್ತು.

ಕರ್ಚೀಫಿನ ಜಾಗಕ್ಕೆ ಸೆರಗು ಬಂದ ಮೇಲೆ ಉಳಿದಿದ್ದೆಲ್ಲ ತಾನಾಗಿ ಕೂತಿತು. ಮೌಂಟ್ ಬೋರ್ಡ್, ಪೋಸ್ಟರ್ ಕಲರ್, ಮೂಲದ ಅಳತೆಯೇ. ಹೂವಿನ ಟೋಪಿಯ ಬದಲು ತುರುಬಿಗೆ ಕನಕಾಂಬರ. ಗೋಡೆಯ ಗೆರೆಗಳ ಬದಲು ಆಲೂಗೆಡ್ಡೆ ಸಾಲು. ಅವೂ ಒಂದರ ಹಾಗೆ ಒಂದಿಲ್ಲ, ಹಳೇಬೀಡಿನ ಪಾಠ. ಮುಖಕ್ಕೆ ಹೊರಗೆರೆಯೇ ಇಲ್ಲ, ಗುಂಡಗೆ, ಮೆತ್ತಗೆ. ಚೂಪು ಇರುವುದು ಸೆರಗಿನ ಮಡಿಕೆಗಳಲ್ಲಿ ಮಾತ್ರ. ಅಲ್ಲಿ ಮಾತ್ರ ದಪ್ಪ ಕಡುಕಂದು ಗೆರೆ.

ಸೀರೆ ಗಿಳಿಹಸಿರು, ಕೆಂಪು ಅಂಚು. ಸೆರಗು ಬಾಯಿಯ ಹತ್ತಿರ ಬರುತ್ತಾ ಬಣ್ಣ ಕಳೆದುಕೊಳ್ಳಬೇಕು. ನಾನು ನಿಜದಲ್ಲಿ ಕಂಡಿದ್ದು ಇದಕ್ಕೆ ಉಲ್ಟಾ, ಒದ್ದೆ ಬಟ್ಟೆ ಗಾಢವಾಗಿತ್ತು. ನೆನಪನ್ನು ಬಿಟ್ಟು ವಿನ್ಯಾಸದ ಕಡೆ ಹೋದೆ. ಇಲ್ಲಿ ಒಂದು ಉಪಾಯ: ಹಸಿರನ್ನು ಮಂಕು ಮಾಡಲು ಕಪ್ಪು ಹಾಕಬೇಡಿ, ಬಣ್ಣ ಸತ್ತುಹೋಗುತ್ತೆ. ಎದುರು ಬಣ್ಣ, ಅಂದರೆ ಚೂರೇ ಚೂರು ಕೆಂಪು ಸೇರಿಸಿ. ಹಸಿರು ಬೂದಿಯ ಕಡೆ ತಿರುಗುತ್ತೆ. ಆಮೇಲೆ ಬಿಳಿ. ನಾನು ಮೂರು ಬಟ್ಟಲಲ್ಲಿ ಮೂರು ಮೆಟ್ಟಿಲು ಕಲಸಿಟ್ಟುಕೊಂಡೆ. ಹಾಳೆಯ ಮೇಲೇ ಕಲಸಲು ಹೋದ ಮೊದಲ ಸಲ ಕೆಸರಾಗಿತ್ತು.

ಇಷ್ಟೆಲ್ಲ ಮಾಡಿ, ಫೋಟೋ ತೆಗೆದು ಫೋನಿನಲ್ಲಿ ಕಪ್ಪು-ಬಿಳುಪು ಮಾಡಿದರೆ ಎದೆ ಧಸಕ್ ಅಂತು. ಸೆರಗೂ ಕೆನ್ನೆಯೂ ಒಂದೇ ಬೂದು! ಬಣ್ಣದಲ್ಲಿ ಬೇರೆ ಬೇರೆ ಕಾಣುತ್ತಿದ್ದವು, ತಿಳಿ-ಗಾಢದ ಲೆಕ್ಕದಲ್ಲಿ ಎರಡೂ ಒಂದೇ. ಅದಕ್ಕೇ ದೂರ ನಿಂತರೆ ಬಾಯಿ ಕಾಣಿಸುತ್ತಿರಲಿಲ್ಲ. ಕೆನ್ನೆಯನ್ನು ಎರಡು ಮೆಟ್ಟಿಲು ಗಾಢ ಮಾಡಿದೆ, ಆಗ ಸೆರಗು ಎದ್ದು ಬಂತು. ಈ ಪರೀಕ್ಷೆಯನ್ನು ನೀವು ಅಂಗೈ ಅಗಲದ ಕರಡಿನಲ್ಲೇ ಮಾಡಿಕೊಳ್ಳಿ. ನನ್ನ ಹಾಗೆ ಕೊನೇ ರಾತ್ರಿ ಮಾಡಬೇಡಿ.

ಮೌಲ್ಯಮಾಪನಕ್ಕೆ ಬಂದವರು ಕೇಳಿದ್ದು ಒಂದೇ: ‘ಇದರಲ್ಲಿ ಪಿಕಾಸೊ ಎಲ್ಲಿದ್ದಾನೆ?’ ಟ್ರೇಸಿಂಗ್ ಪೇಪರ್ ಎರಡನ್ನೂ ಪಕ್ಕಪಕ್ಕ ಇಟ್ಟೆ, ಅವನದೊಂದು, ನನ್ನದೊಂದು. ಎರಡರಲ್ಲೂ ಕೆಂಪು ಗೆರೆಗಳು ಒಂದೇ ಕಡೆ ಗುಡ್ಡೆ ಬಿದ್ದಿದ್ದವು. ಅವರು ಹೂಂ ಅಂದರು, ಪೂರ್ತಿ ಒಪ್ಪಿದ ಹೂಂ ಅಲ್ಲ.

ಯುಗಾದಿಗೆ ಊರಿಗೆ ಹೋದಾಗ ದೊಡ್ಡಮ್ಮನಿಗೂ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಹೊಲ ಗುರುತು ಸಿಕ್ಕಿತು, ಮುಖದ ಬಗ್ಗೆ ಮಾತಾಡಲಿಲ್ಲ. ಬಾಯಿಯ ಹತ್ತಿರ ಬೆಳ್ಳಗಾದ ಸೆರಗಿನ ಮೇಲೆ ಬೆರಳಿಟ್ಟು, ‘ಇಲ್ಲಿಗೆ ಬರೋ ಹೊತ್ತಿಗೆ ಬಣ್ಣ ಖಾಲಿ ಆಯ್ತೇನೋ?’ ಅಂದರು.

ಹೌದು ದೊಡ್ಡಮ್ಮ, ಅಲ್ಲಿಗೇ ಖಾಲಿ ಆಯ್ತು ಅಂದೆ.