ಡೇಟಾಬೇಸ್ ‘ಆಯ್ತು’ ಅನ್ನುವುದು ಯಾವಾಗ?

ಮೊಬೈಲಿನಲ್ಲಿ ಯಾರಿಗೋ ಹಣ ಕಳಿಸುತ್ತೀರಿ. ಚಕ್ರ ಒಂದೆರಡು ಸುತ್ತು ತಿರುಗುತ್ತದೆ, ಹಸಿರು ಗುರುತು ಬರುತ್ತದೆ. ಆಯ್ತು ಅಂತ ಫೋನು ಜೇಬಿಗಿಡುತ್ತೀರಿ. ಆ ‘ಆಯ್ತು’ ಬಂದದ್ದು ಎಲ್ಲೋ ದೂರದ ಒಂದು ಡೇಟಾಬೇಸಿನಿಂದ. ಹಾಗೆ ಹೇಳುವ ಮೊದಲು ಅದು ನಿಮ್ಮ ವ್ಯವಹಾರವನ್ನು ತನ್ನ ಡಿಸ್ಕಿನಲ್ಲಿ ಮಾತ್ರ ಬರೆದುಕೊಂಡಿತೋ, ಇನ್ನೊಂದು ಊರಿನ ಡಿಸ್ಕಿನಲ್ಲೂ ಬರೆಸಿತೋ? ಹಸಿರು ಗುರುತು ನೋಡಿದರೆ ತಿಳಿಯುವುದಿಲ್ಲ. ಅದನ್ನು ತೀರ್ಮಾನಿಸುವುದು ಒಂದು ಸೆಟಿಂಗ್. ಈಗ ಕ್ಲೌಡಿನಲ್ಲಿ ಅದನ್ನು ಬದಲಿಸಲು ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕು. ಇಷ್ಟು ಸುಲಭ ಆಗಿರುವುದರಿಂದಲೇ, ಆ ಸಾಲಿನ ಹಿಂದೆ ಏನು ನಡೆಯುತ್ತದೆ ಅಂತ ತಿಳಿದಿರುವುದು ಮುಖ್ಯ ಅಂತ ನನಗೆ ಅನಿಸುತ್ತದೆ.

ಲೆಕ್ಕ ಬರೆಯುವವರ ಹತ್ತಿರ ಎರಡು ಪುಸ್ತಕ ಇರುತ್ತವೆ. ನಡೆದದ್ದನ್ನು ನಡೆದ ಹಾಗೆಯೇ ಸಾಲಾಗಿ ಬರೆಯುವುದು ದಿನವಹಿ. ಆಮೇಲೆ ಪುರಸೊತ್ತಾಗಿ ಹೆಸರುವಾರು ಏರಿಸುವುದು ಖಾತೆ ಪುಸ್ತಕ. ಡೇಟಾಬೇಸ್ ಮಾಡುವುದೂ ಇದನ್ನೇ. ಬದಲಾವಣೆ ಬಂದ ಕೂಡಲೇ ಡಿಸ್ಕಿನಲ್ಲಿರುವ ದೊಡ್ಡ ದೊಡ್ಡ ಕಡತಗಳನ್ನು ತಿದ್ದುತ್ತಾ ಕೂರುವುದಿಲ್ಲ. ಮೊದಲು ಒಂದು ಲಾಗಿನ ಕೊನೆಗೆ ಒಂದು ಸಾಲು ಸೇರಿಸುತ್ತದೆ. ಒರಾಕಲ್ ಅನ್ನುವ ಡೇಟಾಬೇಸಿನಲ್ಲಿ ಇದರ ಹೆಸರು ರೀಡೂ ಲಾಗ್, ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದರಲ್ಲಿ ವಾಲ್ (WAL). ಆ ಸಾಲು ಡಿಸ್ಕಿಗೆ ಇಳಿದರೆ ಕಮಿಟ್, ಅಂದರೆ ಬದಲಾವಣೆ ಖಾಯಂ, ಆದ ಹಾಗೆ. ನಡುವೆ ಕರೆಂಟ್ ಹೋದರೂ ಲಾಗ್ ಓದಿಕೊಂಡು ಖಾತೆ ಸರಿಮಾಡಿಕೊಳ್ಳಬಹುದು.

ಸ್ಟ್ಯಾಂಡ್‌ಬೈ ಡೇಟಾಬೇಸ್ ಹುಟ್ಟಿದ್ದು ಇಲ್ಲಿಂದಲೇ. ಈ ದಿನವಹಿಯ ಸಾಲುಗಳನ್ನು ಬರೆದ ಹಾಗೆ ಹಾಗೆಯೇ ಇನ್ನೊಂದು ಕಡೆಗೂ ಕಳಿಸುತ್ತಾ ಹೋದರೆ, ಅಲ್ಲಿರುವ ನಕಲು ಅದೇ ಸಾಲುಗಳನ್ನು ಅದೇ ಕ್ರಮದಲ್ಲಿ ಏರಿಸಿಕೊಂಡು ಅಸಲಿನಂತೆಯೇ ಇರುತ್ತದೆ. ಇಡೀ ಡೇಟಾ ಸಾಗಿಸಬೇಕಾಗಿಲ್ಲ, ಬದಲಾದದ್ದು ಮಾತ್ರ ಸಾಕು. ಒರಾಕಲ್‌ನಲ್ಲಿ ಈ ವ್ಯವಸ್ಥೆಗೆ ಡೇಟಾ ಗಾರ್ಡ್ ಅನ್ನುತ್ತಾರೆ. ಪೋಸ್ಟ್‌ಗ್ರೆಸ್‌ಗೆ ಹೀಗೆ ಸತತವಾಗಿ ಹರಿಯುವ ನಕಲು 2010ರಲ್ಲಿ ಬಂತು. ಆದರೆ ನಕಲು ಮುಟ್ಟಿತೇ ಅಂತ ಕಾದು ನೋಡುವ ಸೌಲಭ್ಯ ಬಂದದ್ದು ಮರುವರ್ಷ.

ಪ್ರಶ್ನೆ ಇರುವುದು ಈ ಕಾಯುವುದರಲ್ಲೇ. ಮುಖ್ಯ ಡೇಟಾಬೇಸ್ ತನ್ನ ಡಿಸ್ಕಿಗೆ ಬರೆದ ತಕ್ಷಣ ‘ಆಯ್ತು’ ಅಂದು, ಸಾಲನ್ನು ಆ ಕಡೆಗೆ ತನ್ನ ಪಾಡಿಗೆ ಕಳಿಸುತ್ತಿದ್ದರೆ ಅದು ಅಸಿಂಕ್. ‘ನನಗೂ ಸಿಕ್ಕಿತು, ಬರೆದುಕೊಂಡೆ’ ಅಂತ ಸ್ಟ್ಯಾಂಡ್‌ಬೈ ಉತ್ತರ ಕೊಡುವ ತನಕ ಬಾಯಿ ಬಿಡದಿದ್ದರೆ ಅದು ಸಿಂಕ್. ಮಧ್ಯದಲ್ಲಿ ಫಾಸ್ಟ್‌ಸಿಂಕ್ ಅಂತ ಒಂದಿದೆ: ಸ್ಟ್ಯಾಂಡ್‌ಬೈಯ ಮೆಮೊರಿಗೆ ಬಂದರೆ ಸಾಕು, ಅದರ ಡಿಸ್ಕಿಗೆ ಇಳಿಯುವವರೆಗೆ ಕಾಯಬೇಕಾಗಿಲ್ಲ.

ಹಾಗಾದರೆ ಯಾವಾಗಲೂ ಸಿಂಕ್ ಇಟ್ಟುಬಿಡಬಹುದಲ್ವಾ? ಅಡ್ಡ ಬರುವುದು ಬೆಳಕಿನ ವೇಗ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 100 ಕಿಲೋಮೀಟರ್ ಆಚೆಗೆ ಹೋಗಿ ಬರಲು 1 ಮಿಲಿಸೆಕೆಂಡ್, 1000 ಕಿಲೋಮೀಟರ್ ಆದರೆ 10 ಮಿಲಿಸೆಕೆಂಡ್. ಇದು ನೇರ ದಾರಿಯ ಲೆಕ್ಕ. ನಿಜದಲ್ಲಿ ಕೇಬಲ್ ಸುತ್ತಿ ಬಳಸಿ ಹೋಗುತ್ತದೆ, ನಡುವೆ ಉಪಕರಣಗಳಿರುತ್ತವೆ, ಇನ್ನೂ ಜಾಸ್ತಿಯೇ ಆಗುತ್ತದೆ. ಒಂದು ಕಮಿಟ್ ಮುಗಿದ ಮೇಲೆ ಇನ್ನೊಂದನ್ನು ಶುರುಮಾಡುವ ಪ್ರೋಗ್ರಾಮಿಗೆ ಪ್ರತಿ ಸಲ 10 ಮಿಲಿಸೆಕೆಂಡ್ ಕಾಯಿಸಿದರೆ ಸೆಕೆಂಡಿಗೆ 100ಕ್ಕಿಂತ ಹೆಚ್ಚು ಕಮಿಟ್ ಸಾಧ್ಯವಿಲ್ಲ. ಯಂತ್ರ ಎಷ್ಟು ದುಬಾರಿಯದಾದರೂ ಇದು ಬದಲಾಗುವುದಿಲ್ಲ. ನೂರಾರು ಜನ ಒಟ್ಟಿಗೆ ಬಳಸುವಾಗ ಹಲವರ ಕಮಿಟ್‌ಗಳು ಒಂದೇ ಸವಾರಿಯಲ್ಲಿ ಹೋಗಿ ಬರುವುದರಿಂದ ಅಷ್ಟು ಹೊಡೆತ ಬೀಳುವುದಿಲ್ಲ. ರಾತ್ರಿ ಹೊತ್ತು ಒಂದೊಂದೇ ಸಾಲು ಹಾಕುತ್ತಾ ಹೋಗುವ ಕೆಲಸಗಳು ಮಾತ್ರ ನರಳುತ್ತವೆ.

ಇನ್ನೊಂದು ತೊಡಕಿದೆ. ಸ್ಟ್ಯಾಂಡ್‌ಬೈ ಉತ್ತರವನ್ನೇ ಕೊಡದಿದ್ದರೆ? ಡೇಟಾ ಗಾರ್ಡ್‌ನ ಮೂರು ರಕ್ಷಣಾ ಮೋಡ್‌ಗಳು ಬೇರೆಬೇರೆ ಆಗುವುದು ಈ ಪ್ರಶ್ನೆಗೆ ಕೊಡುವ ಉತ್ತರದಲ್ಲಿ. ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್ ಮೊದಲಿನಿಂದಲೇ ಕಾಯುವುದಿಲ್ಲ. ಮ್ಯಾಕ್ಸಿಮಮ್ ಅವೈಲಬಿಲಿಟಿ ಕಾಯುತ್ತದೆ, ಆದರೆ ಅದಕ್ಕೊಂದು ಗಡುವು ಇದೆ. ಬೇರೆ ಹೇಳದಿದ್ದರೆ ಆ ಗಡುವು 30 ಸೆಕೆಂಡ್. ಅದು ಮುಗಿದರೆ ಸ್ಟ್ಯಾಂಡ್‌ಬೈಯನ್ನು ಬಿಟ್ಟು ತಾನೊಂದೇ ಮುಂದೆ ಹೋಗುತ್ತದೆ. ಆ 30 ಸೆಕೆಂಡ್ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ. ಹಣ ಕಳಿಸಿದವರೆಲ್ಲರ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಯಾವುದೂ ಕೆಟ್ಟಿಲ್ಲ, ಯಾವುದೂ ನಡೆಯುತ್ತಲೂ ಇಲ್ಲ. ಮೂರನೆಯದಾದ ಮ್ಯಾಕ್ಸಿಮಮ್ ಪ್ರೊಟೆಕ್ಷನ್ ಅತಿ ಕಟ್ಟುನಿಟ್ಟು. ಒಂದು ಸ್ಟ್ಯಾಂಡ್‌ಬೈಯಾದರೂ ಬರೆದುಕೊಳ್ಳದಿದ್ದರೆ ಮುಖ್ಯ ಡೇಟಾಬೇಸ್ ತನ್ನನ್ನೇ ನಿಲ್ಲಿಸಿಕೊಳ್ಳುತ್ತದೆ. ಅದಕ್ಕೇ ಈ ಮೋಡ್‌ಗೆ ಕನಿಷ್ಠ ಎರಡು ಸ್ಟ್ಯಾಂಡ್‌ಬೈ ಇಡಿ ಅನ್ನುತ್ತಾರೆ.

ಇನ್ನು ಆ ಕಪ್ಪು ಪರದೆಗೆ, ಅಂದರೆ ಕಮಾಂಡ್ ಲೈನಿಗೆ ಬರೋಣ. ಒರಾಕಲ್ ಕ್ಲೌಡಿನಲ್ಲಿ ಯಾವ ಡೇಟಾಬೇಸ್, ಯಾವ ಸ್ಟ್ಯಾಂಡ್‌ಬೈ ಜೊತೆಗಿನ ಜೋಡಿ, ಯಾವ ರಕ್ಷಣಾ ಮೋಡ್, ಯಾವ ಸಾಗಣೆ ರೀತಿ (ಸಿಂಕ್, ಅಸಿಂಕ್ ಅಥವಾ ಫಾಸ್ಟ್‌ಸಿಂಕ್), ಇಷ್ಟನ್ನು ಒಂದೇ ಸಾಲಿನಲ್ಲಿ ಕೊಡುತ್ತೇವೆ. ನಾನು ಮೊದಲ ಸಲ ಈ ಕೆಲಸ ಮಾಡಿದ ರಾತ್ರಿ ಎಂಟರ್ ಒತ್ತಿದ ಕ್ಷಣಕ್ಕೇ ಉತ್ತರ ಬಂತು. ಉದ್ದನೆಯ ವಿವರ, ಎರರ್ ಯಾವುದೂ ಇಲ್ಲ. ಆಯ್ತು ಅಂದುಕೊಂಡು ಸಹೋದ್ಯೋಗಿಗಳಿಗೆ ಹಾಗೆಯೇ ತಿಳಿಸಿದೆ. ಆ ವಿವರದ ಮಧ್ಯೆ ಸ್ಥಿತಿ ಅನ್ನುವ ಕಡೆ ‘ಅಪ್‌ಡೇಟಿಂಗ್’ ಅಂತಿತ್ತು. ಬೆಳಿಗ್ಗೆ ನೋಡಿದರೆ ಬದಲಾವಣೆ ಅರ್ಧದಲ್ಲೇ ಸೋತು ಹಳೆಯ ಸೆಟಿಂಗೇ ಉಳಿದಿತ್ತು. ಸಿಂಕ್ ಇದೆ ಅಂತ ನಂಬಿಕೊಂಡು ಇಡೀ ರಾತ್ರಿ ಅಸಿಂಕ್‌ನಲ್ಲಿ ಕಳೆದಿದ್ದೆವು. ಡೇಟಾ ಏನೂ ಹೋಗಲಿಲ್ಲ. ಆದರೆ ಆ ಬೆಳಿಗ್ಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕ್ಲೌಡಿನ ಆಜ್ಞೆಯೂ ಅಸಿಂಕೇ. ಅದು ಕೊಡುವ ಮೊದಲ ಉತ್ತರದ ಅರ್ಥ ‘ಮಾಡಿದೆ’ ಅಂತಲ್ಲ, ‘ಕೇಳಿಸಿಕೊಂಡೆ’ ಅಂತ. ಮುಗಿಯುವ ತನಕ ಕಾಯಬೇಕಿದ್ದರೆ ವೇಟ್-ಫಾರ್-ಸ್ಟೇಟ್ ಅನ್ನುವ ಆಯ್ಕೆಯನ್ನು ನಾವೇ ಸೇರಿಸಬೇಕು. ಆಗ ಕಮಾಂಡ್ ಲೈನಿನ ಪ್ರೋಗ್ರಾಮು 30 ಸೆಕೆಂಡಿಗೊಮ್ಮೆ ಹೋಗಿ ಕೇಳುತ್ತಾ ಇರುತ್ತದೆ, 1200 ಸೆಕೆಂಡಿನ ಮೇಲೆ ಕಾಯುವುದನ್ನು ಬಿಡುತ್ತದೆ. ಎರಡನ್ನೂ ಬೇಕಾದಂತೆ ಬದಲಿಸಿಕೊಳ್ಳಬಹುದು. ಅದು ಕಾಯುವುದನ್ನು ಬಿಟ್ಟಿತು ಅಂದರೆ ಕೆಲಸ ಕೆಟ್ಟಿತು ಅಂತಲೂ ಅಲ್ಲ, ಆ ಕಡೆ ಇನ್ನೂ ನಡೆಯುತ್ತಿರಬಹುದು. ಇಫ್-ಮ್ಯಾಚ್ ಅನ್ನುವ ಆಯ್ಕೆಯೂ ನನಗೆ ತುಂಬ ಇಷ್ಟ. ನಾನು ಓದಿದ ಮೇಲೆ ಬೇರೆ ಯಾರಾದರೂ ಅದೇ ಸೆಟಿಂಗ್ ಬದಲಿಸಿದ್ದರೆ, ನನ್ನ ಆಜ್ಞೆಯನ್ನು ಅದು ಒಪ್ಪುವುದಿಲ್ಲ. ಇಬ್ಬರು ಒಂದೇ ಹೊತ್ತಿಗೆ ಕೈ ಹಾಕಿದಾಗ ಇದು ಕಾಪಾಡುತ್ತದೆ.

ಅಸಿಂಕ್ ನಕಲಿನಲ್ಲಿ ಉಳಿಯುವ ಅಂತರ ಎಷ್ಟು ಸಣ್ಣದಾದರೂ ಲೆಕ್ಕಕ್ಕೆ ಬರುತ್ತದೆ. 2018ರ ಅಕ್ಟೋಬರ್ 21ರಂದು, ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಡುವ ಗಿಟ್‌ಹಬ್ ಅನ್ನುವ ತಾಣದಲ್ಲಿ ಒಂದು ಉಪಕರಣ ಬದಲಿಸುವಾಗ ಅಮೆರಿಕದ ಪೂರ್ವ ಕರಾವಳಿಯ ಮುಖ್ಯ ಡೇಟಾ ಸೆಂಟರಿನ ಸಂಪರ್ಕ 43 ಸೆಕೆಂಡ್ ಕಡಿದಿತ್ತು. ಅಷ್ಟರಲ್ಲಿ ಪಶ್ಚಿಮ ಕರಾವಳಿಯ ಡೇಟಾಬೇಸ್ ಮುಖ್ಯ ಸ್ಥಾನಕ್ಕೆ ಬಂದುಬಿಟ್ಟಿತು. ಪೂರ್ವದಲ್ಲಿ ಬರೆದ ಕೊನೆಯ ಕೆಲವು ಸೆಕೆಂಡುಗಳು ಪಶ್ಚಿಮಕ್ಕೆ ತಲುಪಿರಲಿಲ್ಲ. ಪಶ್ಚಿಮದಲ್ಲಿ ಹೊಸದಾಗಿ ಬರೆದದ್ದು ಪೂರ್ವದಲ್ಲಿ ಇರಲಿಲ್ಲ. ಎರಡು ದಿನವಹಿ, ಎರಡರಲ್ಲೂ ನಿಜವಾದ ಜನರ ಕೆಲಸ. ಯಾವುದನ್ನೂ ಸುಮ್ನೆ ಅಳಿಸುವಂತಿರಲಿಲ್ಲ. ವೇಗಕ್ಕಿಂತ ಡೇಟಾ ಮುಖ್ಯ ಅಂತ ನಿರ್ಧರಿಸಿ ಅವರು ನಿಧಾನವಾಗಿ ಸರಿಮಾಡಿದರು. ಸೇವೆ ಸಹಜ ಸ್ಥಿತಿಗೆ ಬರಲು 24 ಗಂಟೆ 11 ನಿಮಿಷ ಹಿಡಿಯಿತು. ಅವರ ನಿರ್ಧಾರ ಸರಿಯಾಗಿತ್ತು ಅಂತ ನಾನು ನಂಬುತ್ತೇನೆ.

ಡೇಟಾ ಗಾರ್ಡ್‌ನಲ್ಲಿ ಪಾತ್ರ ಬದಲಿಸಲು ಎರಡು ಬೇರೆ ಆಜ್ಞೆಗಳಿರುವುದು ಇದಕ್ಕೇ. ಎರಡೂ ಕಡೆ ಆರೋಗ್ಯವಾಗಿರುವಾಗ, ಕೊನೆಯ ಸಾಲೂ ತಲುಪಿದ ಮೇಲೆ ಸ್ಥಾನ ಅದಲುಬದಲು ಮಾಡುವುದು ಸ್ವಿಚ್‌ಓವರ್. ಅದನ್ನು ಮುಖ್ಯ ಡೇಟಾಬೇಸಿನ ಮೇಲೆ ಓಡಿಸುತ್ತೇವೆ. ಫೇಲ್‌ಓವರ್ ಅನ್ನು ಓಡಿಸುವುದು ಸ್ಟ್ಯಾಂಡ್‌ಬೈ ಮೇಲೆ, ಯಾಕಂದ್ರೆ ಮುಖ್ಯ ಡೇಟಾಬೇಸ್ ಬದುಕಿದೆಯೋ ಇಲ್ಲವೋ ಹೇಳಲಾಗದು. ಎಷ್ಟೋ ಹೊತ್ತಿನ ನಂತರ ಹಳೆಯ ಯಂತ್ರ ಮತ್ತೆ ಎದ್ದು ಬಂದರೆ ರೀಇನ್‌ಸ್ಟೇಟ್ ಅನ್ನುವ ಮೂರನೆಯ ಆಜ್ಞೆ ಇದೆ. ಹೊಸಬ ಅಧಿಕಾರಕ್ಕೆ ಬಂದ ಬಿಂದುವಿನವರೆಗೆ ಅದು ಹಳೆಯ ಡೇಟಾಬೇಸನ್ನು ಹಿಂದಕ್ಕೆ ಸುತ್ತುತ್ತದೆ, ಅಲ್ಲಿಂದ ಅದನ್ನು ಸ್ಟ್ಯಾಂಡ್‌ಬೈ ಆಗಿ ನಡೆಸುತ್ತದೆ. ಹಾಗೆ ಸುತ್ತುವಾಗ, ಆ ಕಡೆಗೆ ತಲುಪದೆ ಉಳಿದ ಕೊನೆಯ ಸಾಲುಗಳು ಹಳೆಯ ಡೇಟಾಬೇಸಿನಿಂದಲೂ ಹೋಗುತ್ತವೆ. ಅವಕ್ಕೆಲ್ಲ ಯಾರದೋ ಪರದೆಯ ಮೇಲೆ ಹಸಿರು ಗುರುತು ಬಂದಿರುತ್ತದೆ.